ಬಗ್ಗಿ ದುಡಿಯುವವರ ಬೆನ್ನು

(ಭಾನುವಾರದ ಆರಾಧನೆಯ ನಂತರ ಲೈನ್ ಮನೆಗಳ ಅಂಗಳದಲ್ಲಿ ಸೇರಿದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಕೂಟದಲ್ಲಿ ಬೋನಸ್ಸಿನ ವಿಚಾರ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಒಂದು ಸಂಗತಿ ನಡೆಯಿತು. ಚಾಪೆಯ ಮೇಲೆ ಕುಳಿತಿದ್ದ ಒಬ್ಬ ತಾಯಿಗೆ ಏಳಲಾಗಲಿಲ್ಲ. ಅವರ ಕೈ ಹಿಡಿದು ಎಬ್ಬಿಸಲು ಹೋದ ಇನ್ನೊಬ್ಬ ತಾಯಿ, “ಅಯ್ಯೋ ದೇವರೇ” ಎಂದು ತಮ್ಮ ಸೊಂಟವನ್ನೇ ಹಿಡಿದುಕೊಂಡರು. ನಾವೆಲ್ಲರೂ ನಕ್ಕೆವು. ನಕ್ಕ ಮೇಲೆ ನಾಚಿಕೆಯಾಯಿತು. ಯಾಕೆಂದರೆ ನಕ್ಕವರಲ್ಲಿ ಅರ್ಧಕ್ಕರ್ಧ ಮಂದಿ ಗೋಡೆಗೆ ಕೈಕೊಟ್ಟೇ ಎದ್ದೆವು.

ಅಂದೇ ನಾವು ನಿಶ್ಚಯಿಸಿದೆವು, ಮುಂದಿನ ಕೂಟದಲ್ಲಿ ಬೆನ್ನಿನ ವಿಷಯವನ್ನೇ ಮಾತನಾಡಬೇಕು ಎಂದು. ಕೂಲಿಯ ವಿಷಯ ಮಾತನಾಡುತ್ತೇವೆ, ರೇಷನ್ನಿನ ವಿಷಯ ಮಾತನಾಡುತ್ತೇವೆ, ಲೈನ್ ಮನೆಯ ಸೋರುವ ಸೂರಿನ ವಿಷಯ ಮಾತನಾಡುತ್ತೇವೆ. ಈ ಕೂಲಿಯನ್ನು ಗಳಿಸುವ ಬೆನ್ನಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಅದು ನೋಯುವುದು ಸಹಜ, ಟೀ ತೋಟದಲ್ಲಿ ಹುಟ್ಟಿದ ಮೇಲೆ ನೋವೂ ಜೊತೆಗೆ ಹುಟ್ಟಿದ್ದು ಎಂದು ಸುಮ್ಮನಿದ್ದುಬಿಡುತ್ತೇವೆ.

ನಾವು ವೈದ್ಯರಲ್ಲ. ಎಸ್ಸೆಸ್ಸೆಲ್ಸಿ ಓದಿದವರು. ತಿಳಿದವರನ್ನು ಕೇಳಿ, ಪುಸ್ತಕ ನೋಡಿ, ನಮ್ಮ ತಪ್ಪುಗಳಿಂದಲೂ ಕಲಿತು ಈ ನಾಲ್ಕು ಮಾತು ತಂದಿದ್ದೇವೆ. ಆ ತಪ್ಪುಗಳನ್ನೂ ಮುಚ್ಚಿಡದೆ ಹೇಳುತ್ತೇವೆ.

ಮೊದಲು ಒಂದು ಕಥೆ. ಇದು ನಡೆದ ಕಥೆ. ಅಮೆರಿಕದ ಅಯೋವ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡದ ಮೇಲೆ ಡಾವೆನ್‌ಪೋರ್ಟ್ ಎಂಬ ಪಟ್ಟಣವಿದೆ. ಅಲ್ಲಿ ಒಂದು ದೊಡ್ಡ ಕಟ್ಟಡದಲ್ಲಿ ಹಾರ್ವೀ ಲಿಲ್ಲಾರ್ಡ್ ಎಂಬವರು ಗುಡಿಸಿ ಸಾರಿಸುವ ಕೆಲಸ ಮಾಡುತ್ತಿದ್ದರು. ಕರಿಯ ಜನಾಂಗದವರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅದೂ 17 ವರ್ಷಗಳಿಂದ. ಅದೇ ಕಟ್ಟಡದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಚಿಕಿತ್ಸೆಯ ಕೋಣೆ ಇಟ್ಟುಕೊಂಡಿದ್ದರು.

ಪಾಮರ್ ವೈದ್ಯಕೀಯ ಕಾಲೇಜು ಕಂಡವರಲ್ಲ. 1845ರಲ್ಲಿ ಕೆನಡಾ ದೇಶದಲ್ಲಿ ಹುಟ್ಟಿ, 20 ವರ್ಷದವರಾಗಿದ್ದಾಗ ಅಮೆರಿಕಕ್ಕೆ ಬಂದರು. ಶಾಲೆಯಲ್ಲಿ ಪಾಠ ಹೇಳಿದರು, ಜೇನು ಸಾಕಿದರು, ಹಣ್ಣಿನ ತೋಟ ಮಾಡಿದರು, ದಿನಸಿ ಅಂಗಡಿ ಇಟ್ಟರು. ಕೊನೆಗೆ ಮೈಮೇಲೆ ಕೈಯಿಟ್ಟು ರೋಗ ಬಿಡಿಸುವ ಒಂದು ಬಗೆಯ ಚಿಕಿತ್ಸೆಗೆ ಕೈಹಾಕಿದರು. ನಮ್ಮಲ್ಲಿ ಉಳುಕು ತೆಗೆಯುವವರು, ಎಣ್ಣೆ ತಿಕ್ಕುವವರು ಇದ್ದಾರಲ್ಲ, ಹಾಗೆ ಎಂದುಕೊಳ್ಳಿರಿ.

ಪಾಮರ್ ಆಮೇಲೆ ಬರೆದುಕೊಂಡ ಪ್ರಕಾರ, ಅವರು ಲಿಲ್ಲಾರ್ಡ್ ಅವರನ್ನು, ಕಿವಿ ಕೆಟ್ಟದ್ದು ಹೇಗೆ ಎಂದು ವಿಚಾರಿಸಿದರು. ಇಕ್ಕಟ್ಟಾದ ಜಾಗದಲ್ಲಿ ಬಗ್ಗಿ ಬಲ ಹಾಕಿ ಕೆಲಸ ಮಾಡುತ್ತಿದ್ದಾಗ ಬೆನ್ನಿನಲ್ಲಿ ಏನೋ ಕಳಚಿದಂತಾಯಿತು, ಅಂದಿನಿಂದ ಕಿವಿ ಹೋಯಿತು ಎಂದು ಲಿಲ್ಲಾರ್ಡ್ ಹೇಳಿದರು. ಪಾಮರ್ ಅವರ ಬೆನ್ನು ತಡವಿ ನೋಡಿದಾಗ ಒಂದು ಮಣಿ ಉಬ್ಬಿದಂತೆ ಕಂಡಿತು. ಮಲಗಿಸಿ ಅದನ್ನು ಕೈಯಿಂದ ಒತ್ತಿದರು. ಕಿವಿ ಕೇಳಿಸತೊಡಗಿತು. ಇದು 1895ರ ಸೆಪ್ಟೆಂಬರ್ 18ರಂದು ನಡೆದದ್ದು ಎನ್ನುತ್ತಾರೆ. ತಮಗೆ ಕೇಳಿಸುತ್ತಿದೆ ಎಂದು ಲಿಲ್ಲಾರ್ಡ್ ಕೊಟ್ಟ ಹೇಳಿಕೆಯನ್ನು ಪಾಮರ್ 1897ರಲ್ಲಿ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು.

ಲಿಲ್ಲಾರ್ಡ್ ಅವರ ಮಗಳು ಮಾತ್ರ ಬಹುಕಾಲದ ನಂತರ ಬೇರೆ ರೀತಿ ಹೇಳಿದರು. ಅಪ್ಪ ಯಾರಿಗೋ ಒಂದು ತಮಾಷೆ ಹೇಳುತ್ತಿದ್ದರು, ಅದನ್ನು ಕೇಳಿಸಿಕೊಂಡ ಪಾಮರ್ ನಗುತ್ತಾ ಕೈಯಲ್ಲಿದ್ದ ಪುಸ್ತಕದಿಂದ ಅಪ್ಪನ ಬೆನ್ನಿಗೆ ತಟ್ಟಿದರು, ಕೆಲವು ದಿನಗಳಲ್ಲಿ ಕಿವಿ ಸ್ವಲ್ಪ ಸುಧಾರಿಸಿತು ಎಂದು. ಯಾವುದು ನಿಜವೋ, ಒಂದಂತೂ ಖಂಡಿತ. ಕಿವಿಯ ನರ ಬೆನ್ನುಮೂಳೆಯ ಮೂಲಕ ಹೋಗುವುದಿಲ್ಲ, ತಲೆಬುರುಡೆಯ ಒಳಗೇ ಮೆದುಳಿಗೆ ಹೋಗುತ್ತದೆ. ಆದುದರಿಂದ ಪಾಮರ್ ಹೇಳಿದ ಕಾರಣವನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ.

ಹೀಗೆ ಆರಂಭವಾದ ವೃತ್ತಿಗೆ ಹೆಸರು ಇಟ್ಟವರು ಒಬ್ಬ ಬೋಧಕರು. ರೆವರೆಂಡ್ ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿಯವರು ಪಾಮರ್ ಬಳಿ ಚಿಕಿತ್ಸೆ ಪಡೆಯುತ್ತಿದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆ ತಿಳಿದವರಾದ್ದರಿಂದ, ಕೈಯಿಂದ ಮಾಡುವಂಥದ್ದು ಎಂಬ ಅರ್ಥ ಬರುವಂತೆ ಕೈರೋಪ್ರಾಕ್ಟಿಕ್ ಎಂಬ ಹೆಸರು ಕಟ್ಟಿಕೊಟ್ಟರು. ಆ ಚಿಕಿತ್ಸೆ ಮಾಡುವವರು ಕೈರೋಪ್ರಾಕ್ಟರ್. ಇಂದು ಲೋಕದ ಅನೇಕ ದೇಶಗಳಲ್ಲಿ ಬೆನ್ನು ಹಿಡಿದುಕೊಂಡವರು ಇವರ ಬಳಿಗೆ ಹೋಗುತ್ತಾರೆ. ನಮ್ಮ ದೇಶದಲ್ಲಿ ಇವರು ತೀರ ಕಡಿಮೆ, ಇದ್ದರೂ ದೊಡ್ಡ ಪಟ್ಟಣಗಳಲ್ಲಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ವೃತ್ತಿಯ ಮೊದಲ ರೋಗಿ ಯಾರು? ಶ್ರೀಮಂತನಲ್ಲ. ನೆಲ ಒರೆಸುವ ಕೂಲಿಗಾರ, ಬಗ್ಗಿ ದುಡಿಯುವಾಗ ಬೆನ್ನು ಕೆಡಿಸಿಕೊಂಡವರು. ಪಾಮರ್ 1897ರಲ್ಲಿ ಶಾಲೆ ತೆರೆದರು. ಅದೇ ಶಾಲೆ 20ನೇ ಶತಮಾನದ ಮೊದಲ ಅರ್ಧದಲ್ಲಿ ಎಷ್ಟೋ ವರ್ಷ ಕರಿಯ ಜನಾಂಗದವರನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳಲಿಲ್ಲ. ಲಿಲ್ಲಾರ್ಡ್ ಅವರ ಬೆನ್ನಿನಿಂದ ಹುಟ್ಟಿದ ಶಾಲೆಯ ಬಾಗಿಲು ಲಿಲ್ಲಾರ್ಡ್ ಅವರ ಜನರಿಗೆ ಮುಚ್ಚಿತ್ತು. ಬೆನ್ನು ಒಬ್ಬರದು, ಕಟ್ಟಡ ಇನ್ನೊಬ್ಬರದು. ಈ ಮಾತನ್ನು ತೋಟದ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಪಾಮರ್ ಅವರ ಆರಂಭದ ವರ್ಷಗಳಿಂದ ಕಲಿಯತಕ್ಕದ್ದು ಇನ್ನೊಂದಿದೆ. ಒಬ್ಬರಿಗೆ ವಾಸಿಯಾಯಿತು. ಆಮೇಲೆ ಹೃದಯದ ತೊಂದರೆ ಇದ್ದ ಇನ್ನೊಬ್ಬರಿಗೂ ಬೆನ್ನು ಒತ್ತಿದಾಗ ಸುಖವಾಯಿತು ಎಂದು ಬರೆದುಕೊಂಡರು. ಇಷ್ಟರಿಂದ ಅವರು ಎಲ್ಲಿಗೆ ಹೋದರು ಗೊತ್ತೇ? ನೂರಕ್ಕೆ 95 ರೋಗಗಳು ಬೆನ್ನುಮೂಳೆಯ ಮಣಿ ಜಾರುವುದರಿಂದಲೇ ಬರುತ್ತವೆ ಎಂದು ಸಾರಿಬಿಟ್ಟರು! ಜ್ವರಕ್ಕೂ ಬೆನ್ನು, ಹೊಟ್ಟೆನೋವಿಗೂ ಬೆನ್ನು. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ 350 ಡಾಲರ್ ದಂಡವಾಯಿತು. ದಂಡ ಕಟ್ಟುವುದಿಲ್ಲ ಎಂದು ಜೈಲಿಗೆ ಹೋದರು, 23 ದಿನಗಳ ನಂತರ ಕಟ್ಟಿ ಹೊರಬಂದರು. 1913ರಲ್ಲಿ ತೀರಿಕೊಂಡರು. ಅದೇ ವರ್ಷ ಕಾನ್ಸಾಸ್ ರಾಜ್ಯ ಈ ವೃತ್ತಿಗೆ ಕಾನೂನು ಮಾಡಿತು. ವೈದ್ಯರ ಸಂಘಕ್ಕೂ ಇವರಿಗೂ ಜಗಳ ಮುಂದೆಯೂ ನಡೆದು, 1976ರಲ್ಲಿ ಹೂಡಿದ ಮೊಕದ್ದಮೆ 1987ರಲ್ಲಿ ಇವರ ಪರವಾಗಿ ತೀರ್ಪಾಯಿತು. ದೊಡ್ಡವರ ಜಗಳದಲ್ಲಿ ನೋಯುವವನ ಬೆನ್ನು ನಡುವೆ ಉಳಿಯಿತು.

ಪಾಮರ್ ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವೂ ಅದನ್ನೇ ಮಾಡಿದವರು.

ಕೆಲವು ವರ್ಷಗಳ ಹಿಂದೆ ನಮ್ಮ ಡಿವಿಜನ್ನಿನ ಒಬ್ಬ ಅಣ್ಣನಿಗೆ ಸೊಂಟ ಹಿಡಿದುಕೊಂಡಿತು. ಗುಡ್ಡದ ಆಚೆ ಎಣ್ಣೆ ತಿಕ್ಕಿ ಉಳುಕು ತೆಗೆಯುವ ಒಬ್ಬ ಹಿರಿಯರಿದ್ದರು. ಅವರು ಬೆನ್ನು ತಿಕ್ಕಿ, ಕಾಲು ಮಡಿಸಿ ಒಂದು ತಿರುವು ತಿರುವಿದಾಗ ಚಟ್ ಎಂದು ಸದ್ದಾಯಿತು. ಅಣ್ಣ ಎದ್ದು ನಡೆದುಕೊಂಡು ಬಂದರು. ನಾವು ಕಣ್ಣಾರೆ ಕಂಡೆವು. ಅಂದಿನಿಂದ ಬೆನ್ನುನೋವು ಎಂದವರನ್ನೆಲ್ಲಾ ನಾವೇ ಜೀಪ್ ಹತ್ತಿಸಿ ಅಲ್ಲಿಗೆ ಕಳುಹಿಸಿದೆವು. ಯೂನಿಯನ್ನಿನವರು ಹೇಳುತ್ತಾರೆ, ಉಪದೇಶಿಯೂ ಹೇಳುತ್ತಾರೆ ಎಂದ ಮೇಲೆ ಜನ ಹೋಗದಿರುತ್ತಾರೆಯೇ?

ಹಾಗೆ ಹೋದವರಲ್ಲಿ ಇನ್ನೊಬ್ಬ ತಮ್ಮ. ಕವಾತು ಮಾಡುವ ಗ್ಯಾಂಗಿನಲ್ಲಿದ್ದವನು. ಅವನ ನೋವು ಮಲಗಿದರೂ ಬಿಡುತ್ತಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗೆ, ರಾತ್ರಿ ಬೆವರು, ಮೈ ಇಳಿದುಹೋಗುತ್ತಿತ್ತು. ಎಣ್ಣೆ ತಿಕ್ಕಿದರು, ಒತ್ತಿದರು. ನಾಲ್ಕು ತಿಂಗಳಾಯಿತು. ಕಾಲಿನಲ್ಲಿ ಬಲ ಕಡಿಮೆಯಾದಾಗ ಜಿಲ್ಲಾ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಬೆನ್ನುಮೂಳೆಗೆ ಕ್ಷಯ ತಗುಲಿದೆ ಎಂದರು. ಔಷಧಿಯನ್ನು ಸರಕಾರವೇ ಉಚಿತವಾಗಿ ಕೊಟ್ಟಿತು, ಒಂದು ವರ್ಷ ತಪ್ಪದೆ ತಿಂದ. ಜೀವ ಉಳಿಯಿತು. ಇಂದಿಗೂ ಕೋಲು ಹಿಡಿದೇ ನಡೆಯುತ್ತಾನೆ. ಆ ನಾಲ್ಕು ತಿಂಗಳು ಹಿರಿಯರ ಕೈಯಿಂದ ಹೋದದ್ದಲ್ಲ, ನಮ್ಮ ಬಾಯಿಂದ ಹೋದದ್ದು. ಒಬ್ಬನಿಗೆ ವಾಸಿಯಾದದ್ದನ್ನು ಕಂಡು ಎಲ್ಲರಿಗೂ ಅದೇ ಮದ್ದು ಎಂದು ಸಾರಿದೆವು. ನೂರಕ್ಕೆ 95 ಎಂದ ಪಾಮರ್‌ಗೂ ನಮಗೂ ಏನು ವ್ಯತ್ಯಾಸ?

ಈಗ ಇನ್ನೊಬ್ಬ ಕೈರೋಪ್ರಾಕ್ಟರ್ ಕಥೆ ಕೇಳಿರಿ. ಸ್ಕಾಟ್ ಹಾಲ್ಡೆಮನ್ ಎಂಬವರು ಪಾಮರ್ ಹೆಸರಿನ ಅದೇ ಕಾಲೇಜಿನಲ್ಲಿ ಓದಿ 1964ರಲ್ಲಿ ಹೊರಬಂದವರು. ದಕ್ಷಿಣ ಆಫ್ರಿಕದ ಪ್ರಿಟೋರಿಯ ನಗರದಲ್ಲಿ ವೃತ್ತಿ ಆರಂಭಿಸಿದರು. ಅಜ್ಜಿಯೂ ಅದೇ ವೃತ್ತಿ, ತಂದೆಯೂ ಅದೇ ವೃತ್ತಿ. ಕೈಯಲ್ಲಿ ವಿದ್ಯೆ, ಬಾಗಿಲಲ್ಲಿ ರೋಗಿಗಳು ಇದ್ದ ಮೇಲೆ ಅಲ್ಲಿಗೇ ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ಮತ್ತೆ ವಿದ್ಯಾರ್ಥಿಯಾಗಿ ನರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಕಲಿತು ಡಾಕ್ಟರೇಟ್ ಪಡೆದರು, ಕೆನಡಾದಲ್ಲಿ ಎಂ.ಡಿ. ಓದಿ ನರರೋಗ ತಜ್ಞರಾದರು. ವಯಸ್ಸಾದ ಮೇಲೆ, 2008ರಲ್ಲಿ, ಬಡ ದೇಶಗಳ ಬೆನ್ನುನೋವಿನವರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಅದು ಆಫ್ರಿಕದ ಬೋಟ್ಸ್ವಾನಾ ದೇಶದ ಶೋಶೋಂಗ್, ಮಹಲಾಪ್ಯೆ ಎಂಬ ಊರುಗಳಲ್ಲಿ ಚಿಕಿತ್ಸಾಲಯ ನಡೆಸಿತು. ಪಾಮರ್ ತಮ್ಮ ಮೊದಲ ರೋಗಿಗಳಿಂದ ಉತ್ತರ ಸಿಕ್ಕಿತು ಎಂದುಕೊಂಡರು. ಹಾಲ್ಡೆಮನ್ ವೃತ್ತಿ ಹಿಡಿದ ಮೇಲೂ ಪ್ರಶ್ನೆ ಹಿಡಿದುಕೊಂಡು ಶಾಲೆಗೆ ಹೋದರು. ನಾವು ಯಾರಂತೆ ಇರಬೇಕು ಎಂಬುದನ್ನು ನೀವೇ ತೀರ್ಮಾನಿಸಿರಿ.

ಹಾಗಾದರೆ ಇಷ್ಟು ವರ್ಷಗಳಲ್ಲಿ ಬೆನ್ನಿನ ವಿಷಯ ತಿಳಿದುಬಂದದ್ದೇನು? ತೋಟದ ಮಾತಿನಲ್ಲಿ ಹೇಳುತ್ತೇವೆ.

ಒಂದನೆಯದು. ಬೆನ್ನುನೋವು ನಮ್ಮೊಬ್ಬರದೇ ಅಲ್ಲ. 2020ರಲ್ಲಿ ಲೋಕದಲ್ಲಿ 61 ಕೋಟಿ 90 ಲಕ್ಷ ಜನರಿಗೆ ಸೊಂಟದ ನೋವಿತ್ತು ಎಂದು ಲೆಕ್ಕ ಹಾಕಿದ್ದಾರೆ. 13 ಜನರಲ್ಲಿ ಒಬ್ಬರು. ಹೆಚ್ಚಿನವರಲ್ಲಿ ಇಂಥ ಮೂಳೆ, ಇಂಥ ನರ ಎಂದು ಬೆರಳಿಟ್ಟು ತೋರಿಸುವ ಕಾರಣ ಸಿಗುವುದಿಲ್ಲ. ಕಾರಣ ಸಿಗದಿದ್ದರೆ ನೋವು ಸುಳ್ಳು ಎಂದಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ನಾಟಕ ಎನ್ನುವ ಸೂಪರ್‌ವೈಸರಿಗೆ ಇದನ್ನು ಹೇಳಿರಿ.

ಎರಡನೆಯದು. ಚಟ್ ಎನ್ನುವ ಸದ್ದು ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ನೀರಿನಲ್ಲಿ ಗಾಳಿಯ ಗುಳ್ಳೆ ಆಗುವ ಸದ್ದು, ಬೆರಳು ಲಟಿಕೆ ತೆಗೆದಂತೆ. ಆದರೂ ಕಲಿತವರ ಕೈಯಿಂದ ಮಾಡಿಸಿದ ಒತ್ತುವ ಚಿಕಿತ್ಸೆಯಿಂದ ಸೊಂಟದ ನೋವು ಕೆಲವರಿಗೆ ಅಷ್ಟಿಷ್ಟು ಇಳಿಯುತ್ತದೆ ಎಂಬುದೂ ನಿಜ. ಸೊಂಟದ ನೋವಿಗೆ ಅದು ಅನೇಕ ಉಪಾಯಗಳಲ್ಲಿ ಒಂದು. ಜ್ವರಕ್ಕೆ, ಕಿವಿಗೆ, ಸಕ್ಕರೆ ರೋಗಕ್ಕೆ ಮದ್ದಲ್ಲ. ಕುತ್ತಿಗೆಯನ್ನು ಮಾತ್ರ ಯಾರಿಗೂ ಫಕ್ಕನೆ ತಿರುಗಿಸಲು ಬಿಡಬೇಡಿರಿ. ಅಪರೂಪವಾದರೂ ಮೆದುಳಿಗೆ ಹೋಗುವ ರಕ್ತನಾಳ ಹರಿದ ಪ್ರಸಂಗಗಳಿವೆ. ಕ್ಷೌರದಂಗಡಿಯ ಕುತ್ತಿಗೆ ತಿರುವೂ ಇದರಲ್ಲಿ ಸೇರಿತು.

ಮೂರನೆಯದು ಮುಖ್ಯವಾದದ್ದು, ಮಲಗುವ ವಿಷಯ. ಬೆನ್ನು ಹಿಡಿದರೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಬೇಕು ಎಂದು ನಮ್ಮ ಹಿರಿಯರೂ ಹೇಳಿದರು, ಹಿಂದಿನ ಡಾಕ್ಟರರೂ ಹೇಳಿದರು. 1986ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 203 ಜನರಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಲು ಹೇಳಿದರು. ಎರಡು ದಿನ ಮಲಗಿದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ನೂರಕ್ಕೆ 45ರಷ್ಟು ಕಡಿಮೆ. 1995ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದ 186 ನೌಕರರಲ್ಲಿ ಕೆಲವರನ್ನು ಮಲಗಿಸಿದರು, ಕೆಲವರಿಗೆ ವ್ಯಾಯಾಮ ಹೇಳಿದರು, ಉಳಿದವರಿಗೆ ನೋವು ಬಿಡುವಷ್ಟರ ಮಟ್ಟಿಗೆ ದಿನದ ಓಡಾಟ ಮಾಡಿಕೊಂಡಿರಿ ಎಂದರು. ಓಡಾಡಿದವರೇ ಬೇಗ ಸುಧಾರಿಸಿದರು. ಇವು ಹೊಸದಾಗಿ ಹಿಡಿದ ನೋವಿನ ಪರೀಕ್ಷೆಗಳು. ಹಳೆಯ ನೋವಿಗೂ ಮಲಗಿರುವುದು ಮದ್ದಲ್ಲ ಎಂದೇ ಇಂದಿನ ವೈದ್ಯರು ಹೇಳುತ್ತಾರೆ.

ನಾಲ್ಕನೆಯದು. ನೋವು ಮೂರು ತಿಂಗಳು ದಾಟಿದರೆ ಅದು ಬೇರೆ ಬಗೆಯದಾಗುತ್ತದೆ. ಲೈನ್ ಮನೆಯ ನಾಯಿಯನ್ನು ನೋಡಿರಿ. ಒಮ್ಮೆ ಚಿರತೆ ಬಂದು ಹೋದ ಮೇಲೆ ಎಲೆ ಬಿದ್ದರೂ ಬೊಗಳುತ್ತದೆ. ಚಿರತೆ ಹೋಗಿ ತಿಂಗಳಾಗಿರುತ್ತದೆ, ಬೊಗಳುವುದು ನಿಂತಿರುವುದಿಲ್ಲ. ನಾಯಿ ಸುಳ್ಳು ಹೇಳುತ್ತಿಲ್ಲ, ಹೆದರಿದೆ. ನರಗಳೂ ಹಾಗೆಯೇ. ಹಳೆಯ ನೋವಿನಲ್ಲಿ ನೋವು ಇದ್ದ ಮಾತ್ರಕ್ಕೆ ಒಳಗೆ ಏನೋ ಮುರಿಯುತ್ತಲೇ ಇದೆ ಎಂದು ಅರ್ಥವಲ್ಲ. ಮೆಲ್ಲಮೆಲ್ಲನೆ ನಡೆದು, ಬಗ್ಗಿ, ಎದ್ದು ಆ ನಾಯಿಯನ್ನು ಸಮಾಧಾನ ಮಾಡಬೇಕು.

ಇದನ್ನು ನಾವು ಕಲಿತದ್ದು ನಮ್ಮ ಸಭೆಯ ಒಬ್ಬ ಅಕ್ಕನಿಂದ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಇಪ್ಪತ್ತು ವರ್ಷ ಎಲೆ ಕಿತ್ತವರು. ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಚೀಲ ಬಿಟ್ಟುಕೊಂಡು ಇಳಿಜಾರಿನಲ್ಲಿ ನಿಂತವರು, ಆಮೇಲೆ ಕತ್ತರಿ ಬಂದ ಮೇಲೆ ಎರಡೂ ಕೈಗೆ ಭಾರ ತೆಗೆದುಕೊಂಡವರು. ಬೆನ್ನು ಹಿಡಿದಾಗ ನಾವೇ ಹೋಗಿ ಹೇಳಿದೆವು, “ಅಕ್ಕ, ಒಂದು ತಿಂಗಳು ಏಳಲೇಬೇಡಿ.” ಚೀಟಿಯ ಹಣ ಎತ್ತಿ ಪಟ್ಟಣದಲ್ಲಿ ಸ್ಕ್ಯಾನ್ ಮಾಡಿಸಿದೆವು. ಸೊಂಟಕ್ಕೆ ಬೆಲ್ಟ್ ಕೊಡಿಸಿದೆವು. ಸ್ಕ್ಯಾನಿನ ಕಾಗದದಲ್ಲಿ ಡಿಸ್ಕ್ ಸವೆದಿದೆ, ಉಬ್ಬಿದೆ ಎಂದು ಬರೆದಿತ್ತು. ಅಕ್ಕ ಹೆದರಿಬಿಟ್ಟರು. “ಉಪದೇಶಿಯಣ್ಣ, ನನ್ನ ಬೆನ್ನು ಮುರ್ದೋಗದೆ ಅಂತ ಕಾಗ್ದದಲ್ಲೇ ಬರ್ದವ್ರೆ” ಎಂದು ಅತ್ತರು. ಅಂದಿನಿಂದ ಕೊಡ ಎತ್ತಲಿಲ್ಲ, ಬಗ್ಗಲಿಲ್ಲ, ಆರಾಧನೆಗೆ ಬರುವ ಮೆಟ್ಟಿಲೂ ಹತ್ತಲಿಲ್ಲ. ಆರು ತಿಂಗಳು ಕೂಲಿ ಹೋಯಿತು. ಮಗಳು ಶಾಲೆ ಬಿಟ್ಟು ಮಸ್ಟರಿಗೆ ನಿಲ್ಲುವ ಮಾತು ಬಂತು.

ಆಗ ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಮಾಡುವ ತಂಗಿಯೊಬ್ಬರು ಅಕ್ಕನ ಕಾಗದ ನೋಡಿ, ಬದಿಗಿಟ್ಟು, ಮೊದಲು ಕಾಲಿನ ಬಲ, ಸ್ಪರ್ಶ ಎಲ್ಲವನ್ನೂ ನೋಡಿದರು. ಆಮೇಲೆ ಹೇಳಿದ ಮಾತು ನಮಗೆ ಹೊಸದಾಗಿತ್ತು. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಇಂಥದ್ದು ಕಾಣುತ್ತದೆ, ತಲೆಕೂದಲು ನರೆತಂತೆ ಎಂದರು. ಅದು ನಿಜವೇ. ನೋವಿಲ್ಲದ ಸಾವಿರಾರು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 20 ವರ್ಷದವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು, 80 ವರ್ಷದವರಲ್ಲಿ 96 ಜನರದು. “ಬೆನ್ನು ಮುರಿದಿಲ್ಲಮ್ಮ, ಅಂಜಿಕೊಂಡಿದೆ” ಎಂದರು ಆ ತಂಗಿ.

ಮೊದಲ ವಾರ ಲೈನಿನ ಕೊನೆಯ ನಲ್ಲಿಯ ತನಕ ನಡಿಗೆ. ಎರಡನೆಯ ವಾರ ಆರಾಧನಾಲಯದ ತನಕ. ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಗೋಡೆ ಹಿಡಿದು ಕುಳಿತು ಏಳುವುದು, ಅರ್ಧ ಕೊಡ ನೀರು, ಆಮೇಲೆ ಮುಕ್ಕಾಲು ಕೊಡ. ಬೆಲ್ಟ್ ಬಿಚ್ಚಿಸಿದರು. ನೋವು ಪೂರ್ತಿ ಹೋಯಿತು ಎಂದು ನಾವು ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಇಂದಿಗೂ ಹಿಡಿಯುತ್ತದೆ. ಆದರೆ ಅಕ್ಕ ಕೆಲಸಕ್ಕೆ ಬರುತ್ತಾರೆ, ಮಗಳು ಶಾಲೆಯಲ್ಲಿದ್ದಾಳೆ, ಇಂದು ಈ ಅಂಗಳದಲ್ಲೇ ಕುಳಿತಿದ್ದಾರೆ. ಗೋಡೆ ಹಿಡಿಯದೆ ಏಳುತ್ತಾರೆ, ಬೇಕಾದರೆ ಕೂಟ ಮುಗಿದ ಮೇಲೆ ನೋಡಿರಿ.

ಆ ತಂಗಿ ಹೇಳಿದ್ದು ಅವರೊಬ್ಬರ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟನೋವಿಗೆ ಮೊದಲ ಬಾರಿಗೆ ಒಂದು ಮಾರ್ಗದರ್ಶಿ ಹೊರಡಿಸಿತು. ನೋವಿನ ವಿಷಯ ತಿಳಿಹೇಳುವುದು, ವ್ಯಾಯಾಮ, ಮನಸ್ಸಿನ ಭಾರ ಇಳಿಸುವ ಸಹಾಯ, ಕಲಿತವರಿಂದ ಒತ್ತಿಸುವುದು, ತಿಕ್ಕಿಸುವುದು, ಕೆಲವು ನೋವಿನ ಮಾತ್ರೆ, ಇವೆಲ್ಲ ಆಗಬಹುದು ಎಂದಿದೆ. ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವುದು, ಅಫೀಮಿನ ಜಾತಿಯ ಬಲವಾದ ನೋವಿನ ಔಷಧಿ ಬೇಡ ಎಂದಿದೆ. ಉಪ್ಪಿನ ಕಾವು ಕೊಡಿರಿ, ನೀಲಗಿರಿ ಎಣ್ಣೆ ಹಚ್ಚಿರಿ, ಅಜ್ಜಿಯ ಕೈಯಲ್ಲಿ ಹಗುರವಾಗಿ ತಿಕ್ಕಿಸಿರಿ, ಹಾಯಾದರೆ ಒಳ್ಳೆಯದೇ. ಕಾಲು ಮುಂದಾಗಿ ಹುಟ್ಟಿದ ಮಗುವಿನಿಂದ ಬೆನ್ನು ತುಳಿಸುವುದನ್ನು ಬಿಡಿರಿ. ಅಂಗಡಿಯ ನೋವಿನ ಮಾತ್ರೆಯನ್ನು ದಿನಾ ನುಂಗಬೇಡಿರಿ, ಹೊಟ್ಟೆಯೂ ಮೂತ್ರಪಿಂಡವೂ ಕೆಡುತ್ತವೆ.

ಈಗ ಎಚ್ಚರಿಕೆಯ ಮಾತು. ಇದನ್ನು ಮಾತ್ರ ಮನೆಗೆ ಹೋಗಿ ಮಕ್ಕಳಿಂದ ಗೋಡೆಗೆ ಬರೆಸಿ ಅಂಟಿಸಿರಿ. ಬೆನ್ನುನೋವಿನ ಜೊತೆಗೆ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು ಇದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಜಾರಿ ಬಿದ್ದು ಪೆಟ್ಟಾಗಿದ್ದರೆ, ವಯಸ್ಸಾದ ತಾಯಿಗೆ ಫಕ್ಕನೆ ನೋವು ಬಂದರೆ ತಿಕ್ಕಿಸಬೇಡಿರಿ, ಒತ್ತಿಸಬೇಡಿರಿ, ಆಸ್ಪತ್ರೆಗೆ ಹೋಗಿರಿ. ಕಾಲಿನ ಬಲ ಹೋದರೆ, ಮೂತ್ರ ನಿಂತರೆ ಅಥವಾ ತಿಳಿಯದೆ ಹೋದರೆ, ತೊಡೆಗಳ ಸಂದಿಯಲ್ಲಿ ಜೋಮು ಹಿಡಿದರೆ ಬೆಳಗಾಗುವ ತನಕವೂ ಕಾಯಬೇಡಿರಿ. ಅಂದು ನಮಗೆ ಇಷ್ಟು ಗೊತ್ತಿದ್ದರೆ ಆ ತಮ್ಮ ಕೋಲಿಲ್ಲದೆ ನಡೆಯುತ್ತಿದ್ದನೋ ಏನೋ.

ಇಷ್ಟು ಕೇಳಿ ಯಾರಾದರೂ ದೊರೆಗಳ ಬಂಗಲೆಗೆ ಸುದ್ದಿ ಮುಟ್ಟಿಸಬಹುದು, ಬೆನ್ನುನೋವಿಗೆ ಮಲಗುವುದು ಬೇಡವಂತೆ, ಕೆಲಸ ಮಾಡಬೇಕಂತೆ, ಯೂನಿಯನ್ನಿನವರೇ ಹೇಳಿದರು ಎಂದು. ಸಹೋದರರೇ, ಅದಲ್ಲ ನಾವು ಹೇಳಿದ್ದು. ಅಂಗಳದಲ್ಲಿ ನಡೆಯುವುದು ಬೇರೆ, ತುಂಬಿದ ಚೀಲ ಹೊತ್ತು ಮಳೆಯಲ್ಲಿ ಇಳಿಜಾರು ಇಳಿಯುವುದು ಬೇರೆ. ಬೆನ್ನಿಗೆ ಬೇಕಾದದ್ದು ಓಡಾಟ. ನೋಯುವ ಬೆನ್ನಿನ ಮೇಲೆ ಹೊರೆ ಹಾಕುವುದಕ್ಕೆ ಈ ಮಾತನ್ನು ಯಾರೂ ಬಳಸಬಾರದು. ನೋವಿನಿಂದ ಎದ್ದವರಿಗೆ ಕೆಲವು ವಾರ ಹಗುರ ಕೆಲಸ ಕೊಟ್ಟರೆ ಅವರೂ ಬೇಗ ಸುಧಾರಿಸುತ್ತಾರೆ, ತೋಟಕ್ಕೂ ನಷ್ಟವಿಲ್ಲ.

ಆದುದರಿಂದ ಮುಂದಿನ ಮಾತುಕತೆಯಲ್ಲಿ ಈ ಬೇಡಿಕೆಗಳನ್ನು ಇಡೋಣ ಎಂದಿದ್ದೇವೆ. ಎಲೆ ತೂಗುವ ಜಾಗ ಹತ್ತಿರವಿರಲಿ, ದಿನಕ್ಕೆ ಇನ್ನೊಂದು ಬಾರಿ ತೂಗಲಿ, ಚೀಲ ತುಂಬಿ ಬೆನ್ನು ಬಾಗುವ ಮೊದಲೇ ಬರಿದಾಗಲಿ. ಗೊಬ್ಬರದ ಮೂಟೆಯನ್ನು ಇಬ್ಬರು ಎತ್ತಲಿ. ಇಳಿಜಾರಿನ ಕಾಲುದಾರಿಗೆ ಮೆಟ್ಟಿಲು ಕಡಿಯಲಿ. ಔಷಧಿ ಹೊಡೆಯುವ ಪಂಪನ್ನು ದಿನವಿಡೀ ಒಬ್ಬನ ಬೆನ್ನಿಗೇ ಕಟ್ಟದಿರಲಿ. ಇದು ನಾವು ಕಟ್ಟಿದ ಕಥೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಹೊರೆಯ ಮಿತಿಯ ಬಗ್ಗೆ ಒಪ್ಪಂದ ಮಾಡಿತು. ವಯಸ್ಕ ಗಂಡಸಿಗೂ 55 ಕಿಲೋಗಿಂತ ಹೆಚ್ಚು ಹೊರಿಸಬಾರದು, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಶಿಫಾರಸು ಮಾಡಿತು. ಆ ಒಪ್ಪಂದವನ್ನು ಭಾರತ 2010ರಲ್ಲಿ ಅಂಗೀಕರಿಸಿದೆ.

ತೋಟದ ಜನರ ವೈದ್ಯಕೀಯ ಸೌಲಭ್ಯ 1951ರ ತೋಟ ಕಾರ್ಮಿಕರ ಕಾಯಿದೆಯ ಕಾಲದಿಂದಲೂ ಮಾಲೀಕರ ಹೊಣೆ. ಆ ಕಾಯಿದೆಯ ಸ್ಥಾನಕ್ಕೆ 2020ರ ಸಂಹಿತೆ ಬಂದು 2025ರ ನವೆಂಬರ್‌ನಲ್ಲಿ ಜಾರಿಯಾಯಿತು. ಅದರಲ್ಲೂ ತೋಟದವರ ಆರೋಗ್ಯಕ್ಕೆ ಜಾಗವಿದೆ. ಕೆಲಸದ ಹೊತ್ತಿನಲ್ಲಿ ಬಿದ್ದು ಬೆನ್ನಿಗೆ ಪೆಟ್ಟಾದರೆ ಅದೇ ದಿನ ರೈಟರ ಬಳಿ ಬರೆಸಿರಿ, ಡಿಸ್ಪೆನ್ಸರಿಯ ಚೀಟಿಯನ್ನು ಜೋಪಾನ ಮಾಡಿರಿ. ನಾಳೆ ಪರಿಹಾರ ಕೇಳಲು ಅದೇ ಆಧಾರ. ಚೀಟಿ ಹರಿದು ಒಲೆಗೆ ಹಾಕಿದ ಮೇಲೆ ಯೂನಿಯನ್ನಿಗೆ ಬಂದರೆ ನಾವು ಮಾಡುವುದಾದರೂ ಏನು?

ಕೊನೆಗೆ ಒಂದು ಮಾತು. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ 18 ವರ್ಷ ಬಗ್ಗಿಯೇ ಇದ್ದ ಒಬ್ಬ ಹೆಂಗಸಿನ ಸಂಗತಿ ನಿಮಗೆಲ್ಲ ಗೊತ್ತು. ಯೇಸು ಆಕೆಯನ್ನು ನೆಟ್ಟಗೆ ನಿಲ್ಲಿಸಿದಾಗ ಸಭಾಮಂದಿರದ ಅಧಿಕಾರಿ ಸಿಟ್ಟಾದನು. ಗುಣಪಡಿಸಲು ಇದು ದಿನವಲ್ಲ ಎಂಬುದು ಅವನ ತಕರಾರು. 18 ವರ್ಷದ ಬೆನ್ನು ಅವನ ಕಣ್ಣಿಗೆ ಬೀಳಲಿಲ್ಲ, ದಿನ ಮಾತ್ರ ಬಿತ್ತು. ನಮ್ಮ ಡಿಸ್ಪೆನ್ಸರಿಯ ಬಾಗಿಲಲ್ಲೂ ಈ ಮಾತು ಕೇಳಿದ್ದೇವೆ, ಇವತ್ತು ಡಾಕ್ಟರು ಬರುವ ದಿನವಲ್ಲ ಎಂದು. ಕರ್ತನು ಮೊದಲು ಮಾಡಿದ್ದು ಏನು? ಆಕೆಯನ್ನು ಕಂಡನು, ಕರೆದನು. ಹಾರ್ವೀ ಲಿಲ್ಲಾರ್ಡ್ ಅವರ ಕಥೆಯಲ್ಲೂ ನಮಗೆ ಉಳಿಯತಕ್ಕದ್ದು ಅದೇ. ಪಾಮರ್ ಹೇಳಿದ ಕಾರಣ ತಪ್ಪಿರಬಹುದು. ಆದರೆ ನೆಲ ಒರೆಸುವವನನ್ನು ನಿಲ್ಲಿಸಿ, ಇದು ಹೇಗಾಯಿತು ಎಂದು ಅವರು ಕೇಳಿದರು.

ಕೇಳುವುದನ್ನಾದರೂ ನಾವು ಕಲಿಯೋಣ. ಇನ್ನು ಮೇಲೆ ಬೆನ್ನುನೋವು ಎಂದವರಿಗೆ ನಾವು ಮದ್ದು ಹೇಳುವುದಿಲ್ಲ. ಹೇಗೆ ಬಂತು, ಎಷ್ಟು ದಿನವಾಯಿತು, ಜ್ವರವಿದೆಯೇ, ಕಾಲಿಗೆ ಬಲವಿದೆಯೇ, ಏನು ಹೊರುತ್ತಿದ್ದೀರಿ ಎಂದು ಕೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೇವೆ. ಬುಧವಾರ ಮಸ್ಟರ್ ಮುಗಿದ ಮೇಲೆ ಈ ಅಂಗಳದಲ್ಲಿ ಇರುತ್ತೇವೆ. ನಾಚಿಕೊಳ್ಳದೆ ಬನ್ನಿರಿ.

ಈಗ ಎಲ್ಲರೂ ಏಳೋಣ. ಮೆಲ್ಲಗೆ ಏಳಿರಿ. ಪಕ್ಕದಲ್ಲಿರುವವರಿಗೆ ಕೈ ಕೊಡಿರಿ. ಈ ಬಾರಿ ಯಾರೂ ನಗುವುದು ಬೇಡ.

ದೇವರು ನಿಮ್ಮೆಲ್ಲರಿಗೂ ಬಲ ಕೊಡಲಿ.